ಮೂರನೇ ಅಳತೆ

ಯಾಕೆ ರಿಜೆಕ್ಟ್ ಮಾಡಿದ್ರಿ ಎಂದು ಜಗಳಕ್ಕೆ ಬಂದವರು ಬಹಳ ಜನ. ಯಾಕೆ ಪಾಸ್ ಮಾಡಿದ್ರಿ ಎಂದು ಕೇಳಿಕೊಂಡು ಬಂದವನು ಹನುಮೇಶ ಒಬ್ಬನೇ.

ಸೋಮವಾರ ಬೆಳಿಗ್ಗೆ ಹತ್ತೂವರೆ. ನನ್ನ ಇನ್‌ಸ್ಪೆಕ್ಷನ್ ರೂಮಿನ ಗಾಜಿನ ಬಾಗಿಲನ್ನು ಒಂದು ಬೆರಳಿನಿಂದ ಎರಡು ಸಲ ತಟ್ಟಿದ. ಕನ್ನಡಕವನ್ನು ತಲೆಯ ಮೇಲಕ್ಕೆ ಸರಿಸಿದ್ದ. ಹಣೆಯ ಮೇಲೆ ಅದರ ಕೆಂಪು ಗೀರು ಹಾಗೇ ಇತ್ತು. ಆಪರೇಟರ್‌ಗಳು ಒಳಗೆ ಬರುವಂತಿಲ್ಲ, ಆದ್ದರಿಂದ ನಾನೇ ಬಾಗಿಲು ತೆರೆದು ಹೊರಗೆ ಬಂದೆ.

"ಮೇಡಂ, ಶನಿವಾರದ ಲಾಟಿನಾಗ ನಲವತ್ತನೇ ಪೀಸ್ ಪಾಸ್ ಆಗೇತಲ್ರಿ?"

"ಹೌದು. ಯಾಕೆ?"

"ಅದನ್ನ ಕೇಳಾಕ ನಾನೂ ಬಂದೇನ್ರಿ. ಯಾಕ?"

ನನಗೆ ತಕ್ಷಣ ಅರ್ಥವಾಗಲಿಲ್ಲ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ತಮಾಷೆ ಮಾಡುವಾಗ ಅವನ ಎಡಗಣ್ಣು ಸ್ವಲ್ಪ ಕಿರಿದಾಗುತ್ತದೆ. ಈಗ ಎರಡೂ ಕಣ್ಣು ನೇರವಾಗಿ ನನ್ನನ್ನೇ ನೋಡುತ್ತಿದ್ದವು.

"ಕೊನೇ ತೂತು ಹಾಕೂಮುಂದ ಟೂಲ್ ಅದುರಿತ್ರಿ. ಸೌಂಡಿನಾಗ ಗೊತ್ತಾಗ್ತತಿ. ಇದು ಹೋತು ಅಂತ ನನ್ನ ನೋಟ್‌ಬುಕ್ಕಿನಾಗ ಬರದಿಟ್ಟೇನಿ. ನಿಮ್ಮ ಕೆಂಪು ಟ್ಯಾಗ್ ಬರ್ತತಿ ಅಂತ ಕಾಯ್ಕೋತ ಕುಂತಿದ್ದೆ. ಹಸಿರು ಬಂತು."

"ತೂತಿನ ವ್ಯತ್ಯಾಸ ಹದಿನೈದು ಮೈಕ್ರಾನ್ ತೋರಿಸ್ತು. ಲಿಮಿಟ್ ಅಷ್ಟೇ ಅಲ್ವಾ?"

ಅದು ಸುಳ್ಳಲ್ಲ. ಆದರೆ ಅದು ಮೂರನೇ ಅಳತೆ.

ನಾಯಂಡಹಳ್ಳಿ ಮೆಟ್ರೋ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಕಾರ್ಖಾನೆ. ಒಂದು ಪಕ್ಕ ಟೈರ್ ಗೋದಾಮು, ಇನ್ನೊಂದು ಪಕ್ಕ ಲಾರಿ ಗ್ಯಾರೇಜು. ವಿಮಾನದ ಬಾಗಿಲಿನೊಳಗೆ ಕೂರುವ, ಅಂಗೈಯಗಲದ ಅಲ್ಯೂಮಿನಿಯಂ ಬ್ರಾಕೆಟ್ ಇಲ್ಲಿ ತಯಾರಾಗುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಮೂರನೇ ನಂಬರ್ ಮಷೀನಿನಲ್ಲಿ ಹನುಮೇಶ ಅದನ್ನು ಕೊರೆಯುತ್ತಾನೆ. ನಾನು ಅಳೆಯುತ್ತೇನೆ. ಸರಿ ಇದ್ದರೆ ನನ್ನ ನಂಬರಿನ ಸ್ಟಾಂಪ್ ಒತ್ತುತ್ತೇನೆ. ಆ ಸ್ಟಾಂಪನ್ನು ಇನ್ನೊಬ್ಬರು ಮುಟ್ಟುವಂತಿಲ್ಲ.

ಮಷೀನಿನಿಂದ ಬಂದ ಪೀಸನ್ನು ನಾವು ಕೂಡಲೇ ಅಳೆಯುವುದಿಲ್ಲ. ಬಿಸಿಯಾದ ಲೋಹ ಹಿಗ್ಗಿರುತ್ತದೆ, ಅಳತೆ ತಪ್ಪಾಗುತ್ತದೆ. ರೂಮಿನ ಗ್ರಾನೈಟ್ ಕಲ್ಲಿನ ಮೇಲೆ ನಾಲ್ಕು ಗಂಟೆ ಸುಮ್ಮನೆ ಇಡಬೇಕು. ರೂಮು ಸದಾ ಇಪ್ಪತ್ತು ಡಿಗ್ರಿ. ಪೀಸೂ ಇಪ್ಪತ್ತಕ್ಕೆ ಬಂದ ಮೇಲೇ ಕೈ ಹಾಕಬೇಕು. ಆರು ವರ್ಷದಿಂದ ನಾನೂ ಅದೇ ಕಲ್ಲಿನ ಪಕ್ಕ ಕೂತಿದ್ದೇನೆ.

ಮೊದಲು ನಾನು ಇಷ್ಟು ತಣ್ಣಗಿರಲಿಲ್ಲ. ಹಗಲು ಕೆಲಸ, ಸಂಜೆ ಕಾಲೇಜು ಎಂದು ನಾಲ್ಕು ವರ್ಷ ಓಡಾಡಿ ಇಂಜಿನಿಯರಿಂಗ್ ಮುಗಿಸಿದೆ. ಉಪಗ್ರಹದ ಚೌಕಟ್ಟು ಡಿಸೈನ್ ಮಾಡಬೇಕು ಎಂಬ ಆಸೆ ಇತ್ತು. ಹನ್ನೊಂದು ಇಂಟರ್‌ವ್ಯೂ ಕೊಟ್ಟೆ. "ಓ, ಈವ್ನಿಂಗ್ ಕಾಲೇಜಾ?" ಎಂದು ಕೇಳಿ ಎಲ್ಲರೂ ಒಂದೇ ಥರ ನಗುತ್ತಿದ್ದರು. ಹನ್ನೊಂದನೆಯದು ಮುಗಿಸಿ ವಿಜಯನಗರಕ್ಕೆ ವಾಪಸ್ ಬರುವಾಗ ಮೆಟ್ರೋದಲ್ಲಿ ಅಳು ಬರುತ್ತದೆ ಎಂದು ಕರ್ಚೀಫು ತೆಗೆದಿಟ್ಟುಕೊಂಡೆ. ಬರಲಿಲ್ಲ. ಆಮೇಲೆ ಅಳು, ನಗು, ಸಿಟ್ಟು ಯಾವುದೂ ಬರಲಿಲ್ಲ. ಅದಾಗಿ ಎರಡು ವರ್ಷ.

ಒಂದು ದಿನ ಊಟಕ್ಕೆ ಕೂತಾಗ ಅಮ್ಮ ಕೇಳಿದರು, "ಸಾರಿಗೆ ಉಪ್ಪು ಸರಿ ಇದೆಯೇನೇ?"

"ಸರಿ ಇದೆ."

"ಹಾಕೇ ಇಲ್ಲ ಕಣೇ."

ಹೀಗಿದ್ದ ನಾನು ಶನಿವಾರ ಸಂಜೆ ಆ ನಲವತ್ತನೇ ಪೀಸನ್ನು ಅಳೆದೆ. ಹದಿನೆಂಟು ಮೈಕ್ರಾನ್ ಬಂತು. ಲಿಮಿಟ್ಟಿಗಿಂತ ಮೂರು ಜಾಸ್ತಿ. ಒಂದು ಕೂದಲನ್ನು ಇಪ್ಪತ್ತಾಗಿ ಸೀಳಿದರೆ ಒಂದು ಎಳೆ ಎಷ್ಟಿರುತ್ತದೋ ಅಷ್ಟು. ಬೇರೆ ಯಾರದ್ದಾಗಿದ್ದರೂ ಅಲ್ಲೇ ಕೆಂಪು ಟ್ಯಾಗ್ ಕಟ್ಟುತ್ತಿದ್ದೆ. ಆದರೆ ಗಾಜಿನಾಚೆ ಹನುಮೇಶ ಮಷೀನು ಒರೆಸುತ್ತಾ ನಿಂತಿದ್ದ. ತೂತಿನಲ್ಲಿ ಧೂಳಿರಬಹುದು ಎಂದು ಒರೆಸಿ ಮತ್ತೆ ಅಳೆದೆ. ಹದಿನೇಳು. ಗೇಜನ್ನು ಸ್ವಲ್ಪ ಬೇರೆ ಥರ ಹಿಡಿದು ಇನ್ನೊಮ್ಮೆ ಅಳೆದೆ. ಹದಿನೈದು. ಅಲ್ಲಿಗೆ ನಿಲ್ಲಿಸಿದೆ.

ಬೇಕಾದ ನಂಬರು ಬರುವವರೆಗೆ ಅಳೆಯುವುದು, ಬಂದ ಕೂಡಲೇ ನಿಲ್ಲಿಸುವುದು. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಹೊಸಬರಿಗೆ ಇದನ್ನು ಮೊದಲ ದಿನ ಹೇಳಿಕೊಡುವವಳು ನಾನೇ.

ಪುಣ್ಯಕ್ಕೆ ಲಾಟ್ ಇನ್ನೂ ಪ್ಯಾಕಿಂಗಿನಲ್ಲೇ ಇತ್ತು. ಪೀಸನ್ನು ತರಿಸಿ ಕಲ್ಲಿನ ಮೇಲಿಟ್ಟು, ಮಧ್ಯಾಹ್ನ ಅಳೆದೆ. ಹದಿನೆಂಟು. ಹದಿನೆಂಟು. ಹದಿನೆಂಟು. ಸ್ಟಾಂಪಿನ ಮೇಲೆ ಗೀಟು ಎಳೆದು, ಕೆಂಪು ಟ್ಯಾಗ್ ಕಟ್ಟಿ, ನನ್ನದೇ ತಪ್ಪು ಎಂದು ರಿಪೋರ್ಟ್ ಬರೆದೆ. ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

ಸಂಜೆ ಗೇಟಿನ ಹೊರಗೆ ಟೀ ಗಾಡಿಯ ಹತ್ತಿರ ಹನುಮೇಶ ಕಾಯುತ್ತಿದ್ದ. ಅವನ ಊರು ಇಳಕಲ್ ಹತ್ತಿರ. ಬೆಂಗಳೂರಿಗೆ ಬಂದು ಐದು ವರ್ಷವಾದರೂ ಮಾತು ಒಂದಿಷ್ಟೂ ಬದಲಾಗಿಲ್ಲ.

"ಸಿಟ್ಟಾದ್ರೇನ್ರಿ?"

"ಇಲ್ಲ."

"ಸಿಟ್ಟಾದ್ರೂ ನಡೀತಿತ್ರಿ. ನೀವು ಏನೂ ಆಗಂಗಿಲ್ಲ ನೋಡ್ರಿ, ನನಗ ಅದ ಅಂಜಿಕಿ." ನನ್ನ ಟೀ ಗ್ಲಾಸನ್ನು ಎರಡು ಬೆರಳಿನಲ್ಲಿ ಹಿಡಿದು ಕೊಟ್ಟ. "ಶನಿವಾರನ ನಾ ಬಂದು ಹೇಳಬೇಕಿತ್ತು. ನೀವು ಹಿಡೀತೀರಿ ಅಂತ ಬಿಟ್ಟೆ. ನಿಮ್ಮ ಸ್ಟಾಂಪ್ ಅಂದ್ರ ನಾ ಕಣ್ಮುಚ್ಚಿ ನಂಬ್ತೇನ್ರಿ."

"ಇನ್ಮೇಲೆ ನಂಬಬೇಡಿ."

"ಅದು ನಿಮ್ಮ ಕೈಯಾಗಿಲ್ಲ ಬಿಡ್ರಿ," ಎಂದ. ಎಡಗಣ್ಣು ಕಿರಿದಾಯಿತು. "ನೀವು ಕಟ್ಟಿದ ಕೆಂಪು ಟ್ಯಾಗ್ ಹನ್ನೊಂದು ಅದಾವು ನನ್ನ ಕಡೆ. ಕೆಲಸ ಮುಗದ ಮ್ಯಾಲೆ ಬಿಸಾಡ್ತಾರಲ್ರಿ, ಆರಿಸಿ ಇಟ್ಕೊಂಡೇನಿ. ಅಕ್ಷರ ಚೊಲೊ ಅದಾವ್ರಿ ನಿಮ್ಮವು."

ಹನ್ನೊಂದು. ಹನ್ನೊಂದು ಇಂಟರ್‌ವ್ಯೂ ಲೆಟರುಗಳನ್ನು ನಾನೂ ಒಂದು ಫೈಲಿನಲ್ಲಿ ಇಟ್ಟಿದ್ದೇನೆ. ಅದನ್ನು ಹೇಳಲಿಲ್ಲ. ಟೀ ಬಿಸಿಯಿತ್ತೋ ಇಲ್ಲವೋ ಗೊತ್ತಾಗಲಿಲ್ಲ.

ಆ ವಾರವೇ ನನ್ನ ಮೇಜಿನ ಮೇಲೆ ಇನ್ನೊಂದು ಕಾಗದ ಬಂದಿತ್ತು. ನಮ್ಮ ಬ್ರಾಕೆಟ್ ಕೊಳ್ಳುವ ವಿಮಾನ ಕಂಪನಿ ಇಲ್ಲಿಯ ಒಬ್ಬರಿಗೆ ತನ್ನದೇ ಸ್ಟಾಂಪ್ ಕೊಡುತ್ತದೆ. ಅವರು ಒತ್ತಿದರೆ ಮುಗಿಯಿತು, ಮತ್ತೆ ಯಾರೂ ಪರೀಕ್ಷಿಸುವುದಿಲ್ಲ. ಡಿಸೈನ್ ಸಿಗದಿದ್ದರೂ ಆ ಸ್ಟಾಂಪ್ ಸಿಗಲಿ ಎಂದು ಕಾದಿದ್ದೆ. ಸೋಮವಾರದ ರಿಪೋರ್ಟ್ ಓದಿಯೂ ಆ ಕಂಪನಿಯವರು ಪಟ್ಟಿಯಿಂದ ನನ್ನ ಹೆಸರು ತೆಗೆದಿರಲಿಲ್ಲ. ತಪ್ಪನ್ನು ತಾನೇ ಬರೆದುಕೊಟ್ಟಳು ಎಂದು ಮೆಚ್ಚಿಕೊಂಡರಂತೆ. ಬುಧವಾರ ಫಾರಂ ಕೊಟ್ಟರೆ ಸಾಕು.

ಫಾರಮ್ಮಿನಲ್ಲಿ ಏಳನೇ ಕಾಲಂ. ನೀವು ಪರೀಕ್ಷಿಸುವ ಭಾಗಗಳನ್ನು ತಯಾರಿಸುವವರಲ್ಲಿ ನಿಮ್ಮ ಬಂಧುಗಳು ಅಥವಾ ಆಪ್ತರು ಇದ್ದಾರೆಯೇ? ಇದ್ದರೆ ವಿವರ.

ಪ್ರತಿ ವರ್ಷ ಬೇರೊಂದು ಫಾರಮ್ಮಿನಲ್ಲಿ ಇದೇ ಪ್ರಶ್ನೆಗೆ 'ಇಲ್ಲ' ಎಂದು ಬರೆಯುತ್ತಿದ್ದೆ. ಈಗಲೂ ಬರೆಯಬಹುದಿತ್ತು. ಏನಿದೆ ಮಹಾ? ಟೀ ಕುಡಿದಿದ್ದೇವೆ. ಮಾತಾಡಿದ್ದೇವೆ. ನನಗೆ ಏನಾದರೂ ಅನ್ನಿಸುತ್ತದೆಯೇ ಎಂದು ಕೇಳಿಕೊಂಡೆ. ಏನೂ ಅನ್ನಿಸುತ್ತಿರಲಿಲ್ಲ. ಹಾಗಿದ್ದರೆ ಮೂರು ಸಲ ಯಾಕೆ ಅಳೆದೆ?

ಬುಧವಾರ ಮ್ಯಾನೇಜರ್ ಜಗನ್ನಾಥ ಸರ್ ಫಾರಂ ಹಿಡಿದುಕೊಂಡು ನನ್ನನ್ನು ಕರೆಸಿದರು.

"ರಾಗಿಣಿ, ಇದೇನಮ್ಮ? ಏಳನೇ ಕಾಲಮ್ಮಲ್ಲಿ ಹೌದು ಅಂತ ಬರೆದು ಹನುಮೇಶನ ಹೆಸರು ಹಾಕಿದೀಯ. ವಿವರ ಅನ್ನೋ ಜಾಗದಲ್ಲಿ 'ಅವರ ಪೀಸನ್ನು ಮೂರು ಸಲ ಅಳೆದೆ' ಅಂತ ಬರೆದಿದೀಯ. ವಿವರ ಅಂದ್ರೆ ಅಣ್ಣ, ತಮ್ಮ, ಗಂಡ ಅಂತ ಬರೀಬೇಕು."

"ಅದ್ಯಾವುದೂ ಅಲ್ಲ ಸಾರ್."

"ಮತ್ತೇನು?"

"ಗೊತ್ತಿಲ್ಲ ಸಾರ್. ಇಲ್ಲ ಅಂತ ಬರೆಯೋಕೆ ಮಾತ್ರ ಆಗ್ತಾ ಇಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಮ್ಮ, ಇದು ಹೀಗೇ ಹೋದ್ರೆ ಸ್ಟಾಂಪ್ ನಿನ್ನ ಜೊತೆ ಅಳೆಯೋ ಬಾಳೇಶನಿಗೆ ಹೋಗತ್ತೆ. ನಿನ್ನನ್ನ ಆ ರೂಮಿಂದಾನೇ ಎತ್ತಿ ಕಚ್ಚಾ ಮಾಲಿನ ಸೆಕ್ಷನ್ನಿಗೆ ಹಾಕಬೇಕಾಗತ್ತೆ. ಹನುಮೇಶ ಯಾವುದೋ ರಾಕೆಟ್ ಕಂಪನಿಗೆ ಅರ್ಜಿ ಹಾಕಿದಾನೆ, ನಾಳೆ ಹೋದ್ರೂ ಹೋದ. ಇಲ್ಲ ಅಂತ ತಿದ್ದಿಬಿಡು. ನಾನು ನೋಡೇ ಇಲ್ಲ ಅನ್ಕೋತೀನಿ."

ಪೆನ್ನು ಮುಂದಿಟ್ಟರು. ನಾನು ಅದನ್ನು ನೋಡಿದೆ. ಆರು ವರ್ಷ ಅದರ ತುದಿಯಲ್ಲಿತ್ತು. ನಾಲ್ಕನೇ ಸಲ ಅಳೆದು ಬೇಕಾದ ಉತ್ತರ ಬರೆದುಕೋ ಎಂದು ಹೇಳಿದ ಹಾಗಿತ್ತು.

"ಬೇಡ ಸಾರ್," ಎಂದೆ.

ಗುರುವಾರ ನನ್ನ ಗೇಜುಗಳನ್ನು ಬಾಳೇಶನಿಗೆ ಒಪ್ಪಿಸಿದೆ. ನನ್ನ ಹಳೆಯ ಸ್ಟಾಂಪನ್ನು ಲಕೋಟೆಗೆ ಹಾಕಿ ಸೀಲ್ ಮಾಡಿದರು. ಆ ನಂಬರು ಇನ್ನು ಯಾರಿಗೂ ಕೊಡುವುದಿಲ್ಲ. ಕಚ್ಚಾ ಮಾಲಿನ ಸೆಕ್ಷನ್ನಿಗೆ ಹೋಗಬೇಕಾದರೆ ಮೂರನೇ ನಂಬರ್ ಮಷೀನಿನ ಮುಂದೆಯೇ ಹಾದುಹೋಗಬೇಕು. ತಲೆ ತಗ್ಗಿಸಿಕೊಂಡು ಹೊರಟೆ.

"ಮೇಡಂ."

ನಿಂತೆ.

"ನನ್ನ ಹೆಸರು ಬರದೀರಂತ."

"ಹೌದು. ನಿಮ್ಮನ್ನ ಕೇಳದೆ ಬರೆದೆ. ತಪ್ಪಾಯ್ತು."

"ಸಾಹೇಬ್ರು ಎಲ್ಲಾ ಹೇಳಿದ್ರು. ನೀವು ಬರದದ್ದನ್ನೂ ಓದಿ ಹೇಳಿದ್ರು." ಕನ್ನಡಕವನ್ನು ತಲೆಯ ಮೇಲಕ್ಕೆ ಸರಿಸಿದ. ಕಣ್ಣು ಕೆಂಪಾಗಿತ್ತು. "ಅಷ್ಟು ವರ್ಷದ ಆಸೆ ಇತ್ತಲ್ರಿ ಅದು. ಯಾಕ ಹಂಗ ಮಾಡಿದ್ರಿ? ಒಂದ ಮಾತು ನನಗ ಹೇಳಿದ್ರ ನಾನ ಬಿಟ್ಟು ಹೋಗ್ತಿದ್ದೆ."

"ಅದಕ್ಕೇ ಹೇಳಲಿಲ್ಲ. ನೀವು ಹೋಗೋದು ನನಗೆ ಬೇಕಿರಲಿಲ್ಲ."

ಹೇಳಿದ ಮೇಲೆ ಅದು ನನ್ನ ದನಿ ಎಂದು ತಿಳಿಯಿತು. ಹನುಮೇಶನ ಎಡಗಣ್ಣು ನಿಧಾನವಾಗಿ ಕಿರಿದಾಯಿತು.

"ನಿನ್ನೆ ಅವ್ವಗ ಫೋನ್ ಮಾಡಿದ್ದೆ. ಒಬ್ಬಾಕಿ ಮನಸಿಗೆ ಬಂದಾಳ ಅಂದೆ. ಏನ ಕೆಲಸ ಮಾಡ್ತಾಳ ಹುಡುಗಿ ಅಂದ್ಲು. ನನ್ನ ತಪ್ಪು ಹಿಡಿಯೂ ಕೆಲಸ ಅಂದೆ. ಹಂಗಾರ ಅರ್ಧಾ ಲಗ್ನ ಆಗೇತಿ, ಅಕ್ಕಿಕಾಳು ಅಷ್ಟ ಉಳದಾವು ಅಂದ್ಲು."

ನನ್ನ ಬಾಯಿಯಿಂದ ಒಂದು ಶಬ್ದ ಬಂತು. ನಗುವೇ ಇರಬೇಕು. ಬಹಳ ದಿನವಾಗಿದ್ದರಿಂದ ಖಚಿತವಾಗಿ ಹೇಳಲಾರೆ.

"ಈಗ ಆ ಕೆಲಸ ನನ್ನದಲ್ಲ," ಎಂದೆ. "ಬಾಳೇಶನದು."

"ಬಾಳೇಶಣ್ಣನ್ನ ಲಗ್ನ ಆಗಾಕ ನಾ ಒಲ್ಲೆರಿ ಮೇಡಂ."

"ಮೇಡಂ ಅನ್ನಬೇಡಿ."

"ಮತ್ತೇನನ್ಲಿ?"

"ರಾಗಿಣಿ."

"ರಾಗಿಣಿ ಅವರ..."

"ಅವರೂ ಬೇಡ."

ಅವನು ತುಟಿ ಅಲ್ಲಾಡಿಸಿ ಒಮ್ಮೆ ಹೇಳಿ ನೋಡಿದ. ಮಷೀನಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ, ಕಾಣಿಸಿತು. ಅಷ್ಟರಲ್ಲಿ ಮಷೀನು ನಿಂತಿತು. ಬಾಗಿಲು ಸರಿಸಿ ಒಳಗಿನಿಂದ ಒಂದು ಪೀಸ್ ತೆಗೆದ. ಬಟ್ಟೆಯಿಂದ ಒರೆಸಿದ.

"ಕೈ ಚಾಚು."

"ಗ್ಲೌಸ್ ಹಾಕಿಲ್ಲ."

"ಸೆಟ್ಟಿಂಗ್ ಪೀಸ್ ಇದು. ಮೊದಲನೇದು, ಸ್ಕ್ರ್ಯಾಪಿಗೆ ಹೋಗೂದು. ಇದನ್ನ ಯಾರೂ ಅಳಿಯಂಗಿಲ್ಲ."

ಚಾಚಿದೆ. ಅಂಗೈಯ ಮೇಲಿಟ್ಟ. ನಾನು ಸಾವಿರಗಟ್ಟಲೆ ಪೀಸ್ ಮುಟ್ಟಿರಬಹುದು, ಎಲ್ಲವೂ ಕಲ್ಲಿನ ಮೇಲೆ ನಾಲ್ಕು ಗಂಟೆ ಕಳೆದವು. ಆಗತಾನೇ ಹುಟ್ಟಿದ್ದನ್ನು ಯಾವತ್ತೂ ಮುಟ್ಟಿರಲಿಲ್ಲ. ಕೋಳಿ ಎದ್ದುಹೋದ ಕೂಡಲೇ ಕೈಗೆ ತೆಗೆದುಕೊಂಡ ಮೊಟ್ಟೆಯ ಹಾಗಿತ್ತು.

"ಬಿಸಿ ಇದೆ," ಎಂದೆ.

"ಎಷ್ಟು?"

"ಗೊತ್ತಿಲ್ಲ," ಎಂದು ಬೆರಳು ಮುಚ್ಚಿದೆ. "ಅಳೆದಿಲ್ಲ."