ಮಲಗದ ಕಾರು

ವಾರಕ್ಕೆ ಮೂರು ಸಲ ಅಮ್ಮನನ್ನು ಡಯಾಲಿಸಿಸ್‌ಗೆ ಅಂಕೋಲಾದಿಂದ ಕಾರವಾರಕ್ಕೆ ಕರೆದೊಯ್ಯಬೇಕು. ಸರಿಯಾಗಿ ಆ ದಿನಗಳಲ್ಲೇ ಬೆಳಿಗ್ಗೆ ಕಾರಿನ ಬ್ಯಾಟರಿ ಸತ್ತಿರುತ್ತಿತ್ತು. ಹೊಸದು ಹಾಕಿಸಿದರೂ ಅದೇ ಕಥೆ. ನನಗೆ ಸಾಕಾಗಿಹೋಗಿತ್ತು.

ಮೆಕ್ಯಾನಿಕ್ ಗಜಾನನ ಮನೆಗೇ ಬಂದು, ಕಾರಿನ ಬಾಗಿಲು ಹಾಕಿ, ಬ್ಯಾಟರಿಗೆ ಮೀಟರ್ ಜೋಡಿಸಿ ಅರ್ಧ ಗಂಟೆ ಕಾದ.

"ಆಫ್ ಮಾಡಿದ್ರೂ ಕರೆಂಟ್ ಎಳೆಯೂದು ನಿಲ್ತಾನೇ ಇಲ್ಲ ಅಕ್ಕಾ. ಹಿಂದಿನ ಸೀಟಲ್ಲಿ ಯಾರೋ ಕೂತಿದ್ದಾರೆ ಅಂತ ತಿಳ್ಕಂಡದೆ ನಿಮ್ಮ ಕಾರು. ಮಲಗೂದೇ ಇಲ್ಲ," ಎಂದು ನಕ್ಕ.

ಬಾಗಿಲು ತೆರೆದು ಸೀಟು ಮುಟ್ಟಿದೆ. ಕಾರು ನೆರಳಲ್ಲೇ ನಿಂತಿತ್ತು. ನಡುವಿನ ಜಾಗ ಮಾತ್ರ ಬೆಚ್ಚಗಿತ್ತು, ಆಸ್ಪತ್ರೆಯ ವಾಸನೆ ಬರುತ್ತಿತ್ತು.

ಅಮ್ಮ ಯಾವಾಗಲೂ ಕೂರುವುದು ಅಲ್ಲೇ. ಅಂದು ಮಾತ್ರ ಕಿಟಕಿಯ ಕಡೆಗೆ ಸರಿದು ಕೂತಳು.

"ಯಾಕಮ್ಮಾ?"

"ಗಾಡಿ ಬಿಡು ಮಗಾ. ಅವಳಿಗೂ ಹೊತ್ತಾಯ್ತು."

ಆಸ್ಪತ್ರೆಯಲ್ಲಿ ಅಮ್ಮನನ್ನು ಇಳಿಸಿ ಮತ್ತೆ ಸೀಟು ಮುಟ್ಟಿದೆ; ನಡುವಿನ ಜಾಗ ತಣ್ಣಗಾಗಿತ್ತು. ಅಂದಿನಿಂದ ಬ್ಯಾಟರಿ ಒಮ್ಮೆಯೂ ಇಳಿದಿಲ್ಲ.