ಸಂಬಂಧ: ಅಕ್ಕ

ದೂರು ಠಾಣೆಗೆ ಬಂದದ್ದು ಗುರುವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ. ದೂರುದಾರಳು ನರ್ಸು, ವಯಸ್ಸು ಇಪ್ಪತ್ತಾರು. ಸೋಮವಾರ ದೊಡ್ಡಾಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಬೇಕಿತ್ತು. ನರ್ಸಿಂಗ್ ನೋಂದಣಿ ನವೀಕರಿಸಲು ನೋಂದಣಿ ಕಚೇರಿಗೆ ಹೋದರೆ ಅಲ್ಲಿನ ಗುಮಾಸ್ತ, "ನೀವಾಗ್ಲೇ ಮಾಡಿಸಿದೀರಲ್ಲ! ಪಕ್ಕದೂರಿನ ನರ್ಸಿಂಗ್ ಹೋಮಲ್ಲಿ ಎಂಟು ತಿಂಗಳಿಂದ ಕೆಲಸಾನೂ ಮಾಡ್ತಿದೀರಿ" ಎಂದನಂತೆ. ಅವನು ಕೊಟ್ಟ ಅರ್ಜಿಯ ನಕಲಿನಲ್ಲಿ ಹೆಸರು, ತಂದೆಯ ಹೆಸರು, ನೋಂದಣಿ ಸಂಖ್ಯೆ ಎಲ್ಲ ಇವಳದೇ. ಫೋಟೋ ಮಾತ್ರ ಮಸಿ ಮೆತ್ತಿಕೊಂಡು ಯಾರದ್ದೆಂದೇ ತಿಳಿಯುವಂತಿರಲಿಲ್ಲ.

ಇನ್‌ಸ್ಪೆಕ್ಟರಿಗೆ ಠಾಣೆಯವರು ಬೆನ್ನ ಹಿಂದೆ ಇಟ್ಟ ಹೆಸರು ಅನುಮಾನಪ್ಪ. ಹೆಂಡತಿ ನಗುನಗುತ್ತಾ ಮಾತಾಡಿದರೂ ಏನೋ ಇದೆ ಎಂದುಕೊಳ್ಳುವ ಆಸಾಮಿ. ಒಂದು ಹೆಸರಿಗೆ ಇಬ್ಬರು ಹೆಂಗಸರು. ಮೊದಲು ಠಾಣೆಗೆ ಬಂದವಳೇ ಅಸಲಿ ಎಂದು ಅವನು ನಂಬುವುದುಂಟೆ?

"ನೀವೇ ನೀವು ಅನ್ನೋದಕ್ಕೆ ಏನು ಸಾಕ್ಷಿ?"

"ಒರಿಜಿನಲ್ ಎಲ್ಲ ತಂದಿದೀನಿ, ಸಾರ್."

"ಒರಿಜಿನಲ್ಲನ್ನೂ ಕದೀಬಹುದು."

ಅವಳ ಕಣ್ಣು ತುಂಬಿತು. "ಆ ಹೆಂಗಸು ಯಾರಿಗಾದ್ರೂ ತಪ್ಪು ಇಂಜೆಕ್ಷನ್ ಕೊಟ್ರೆ ಕೋರ್ಟಲ್ಲಿ ನಿಲ್ಲೋಳು ನಾನು. ಸೋಮವಾರದ ಕೆಲಸಾನೂ ಹೋಗುತ್ತೆ."

ಹನ್ನೊಂದೂ ಐದಕ್ಕೆ ಠಾಣೆಯ ರೈಟರ್ ಎಫ್‌ಐಆರ್ ದಾಖಲಿಸಿದ. ಅನುಮಾನಪ್ಪನದು ಒಂದು ಪದ್ಧತಿ: ಯಾವ ಅರ್ಜಿಯಾದರೂ ಪ್ರತಿ ಕಾಲಂ ಗಟ್ಟಿಯಾಗಿ ಓದಬೇಕು, ಖಾಲಿ ಬಿಟ್ಟವರನ್ನು ಗದರಬೇಕು. ಗುಮಾಸ್ತ ಕೊಟ್ಟ ನಕಲನ್ನು ಓದುತ್ತಾ ಓದುತ್ತಾ 'ಹತ್ತಿರದ ಸಂಬಂಧಿ' ಎಂಬಲ್ಲಿಗೆ ಬಂದ. ಅಲ್ಲೊಂದು ಹೆಂಗಸಿನ ಹೆಸರು. ಸಂಬಂಧ: ಅಕ್ಕ.

"ಅಯ್ಯೋ, ಅದು ನಮ್ಮಕ್ಕನ ಹೆಸರು!"

"ಎಲ್ಲಿದಾರೆ?"

"ಮನೇಲಿ."

"ಮದುವೆ ಆಗಿದ್ಯಾ?"

ಅಳುತ್ತಿದ್ದವಳು ಫಕ್ಕನೆ ನಕ್ಕುಬಿಟ್ಟಳು. "ಆಗದೆ ನಾನೆಲ್ಲಿಂದ ಬರ್ಲಿ ಸಾರ್! ಅಕ್ಕ ಅಂದ್ರೆ ನಮ್ಮಮ್ಮ. ಚಿಕ್ಕಮ್ಮಂದಿರೆಲ್ಲ ಅಕ್ಕ ಅಕ್ಕ ಅಂತಿದ್ರು, ನಂಗೂ ಅದೇ ಬಾಯಿಗೆ ಬಂತು."

ಅನುಮಾನಪ್ಪ ಪೆನ್ನು ಕೆಳಗಿಟ್ಟ. ಹೆತ್ತವಳನ್ನು ಒಡಹುಟ್ಟಿದವಳೆಂದು ಇವಳು ಬರೆಯುವುದಿಲ್ಲ, ನೆಂಟರೂ ಬರೆಯುವುದಿಲ್ಲ. ಬರೆದವಳ ಕಿವಿಗೆ 'ಅಕ್ಕ' ಎಂದು ಕರೆಯುವುದು ಬಿದ್ದಿದೆ, ಮನೆಮಂದಿ ಗೊತ್ತಿಲ್ಲ.

"ನೀವು ಅಕ್ಕನ ಹತ್ರ ಮಾತಾಡೋದನ್ನ ದಿನಾ ಕೇಳ್ತಿದ್ದೋರು ಯಾರು?"

"ಹಾಸ್ಟೆಲ್ಲಲ್ಲಿ ನನ್ನ ರೂಮ್‌ಮೇಟ್. ಆದ್ರೆ ಅವಳು ಅಂಥೋಳಲ್ಲ, ಸಾರ್."

"ನಿಮ್ಮ ಸರ್ಟಿಫಿಕೇಟು ಅವಳ ಕೈಗೆ ಸಿಕ್ಕಿತ್ತಾ?"

ಅವಳ ಮುಖ ಬಿಳಿಚಿಕೊಂಡಿತು. "ಪ್ರಿಂಟ್ ತೆಗೆಸ್ಕೊಂಡು ಬಾ ಅಂತ ಒಂದ್ಸಲ ಎಲ್ಲಾನೂ ಅವಳ ಫೋನಿಗೆ ಕಳಿಸಿದ್ದೆ. ಆಮೇಲೆ ಅಳಿಸು ಅಂತ ಹೇಳೋಕೆ ಹೊಳೀಲೇ ಇಲ್ಲ."

ಸಂಜೆಯೊಳಗೆ ಕಾಲೇಜಿನಿಂದ ಉತ್ತರ ಬಂತು: ರೂಮ್‌ಮೇಟ್ ಪಾಸಾಗಿಯೇ ಇಲ್ಲ.

ಶುಕ್ರವಾರ ಹನ್ನೊಂದು ನಲವತ್ತು, ನರ್ಸಿಂಗ್ ಹೋಮಿನ ಕಾರಿಡಾರು. ಮಹಿಳಾ ಪೇದೆ ರೂಮ್‌ಮೇಟಿನ ಸ್ವಂತ ಹೆಸರು ಹಿಡಿದು ಕೂಗಿದಳು. ಯಾರೂ ತಿರುಗಲಿಲ್ಲ. ದೂರುದಾರಳ ಹೆಸರು ಕೂಗಿದಾಗ ಔಷಧಿಯ ಟ್ರೇ ಹಿಡಿದವಳೊಬ್ಬಳು, "ಬಂದೆ" ಎಂದು ಬಂದಳು.

"ನಿಮ್ಮಕ್ಕನಿಗೆ ವಯಸ್ಸೆಷ್ಟು?" ಅನುಮಾನಪ್ಪ ಕೇಳಿದ.

"ಮೂವತ್ತು."

"ಐವತ್ಮೂರು. ಅವರು ನಿಮ್ಮ ರೂಮ್‌ಮೇಟಿನ ತಾಯಿ."

ಅವಳು ಟ್ರೇಯನ್ನು ಪಕ್ಕದ ಮೇಜಿನ ಮೇಲಿಟ್ಟಳು. ಅವಳ ಕಪಾಟಿನಲ್ಲಿದ್ದ ನಕಲಿ ಸರ್ಟಿಫಿಕೇಟನ್ನು ಪಂಚರ ಮುಂದೆ ವಶಪಡಿಸಿಕೊಂಡು ಪಂಚನಾಮೆ ಬರೆದು, ಅವಳನ್ನು ದಸ್ತಗಿರಿ ಮಾಡಿದರು.

ಮೂರು ಗಂಟೆಗೆ ನೋಂದಣಿ ಕಚೇರಿಯ ಪತ್ರ ದೂರುದಾರಳ ಕೈ ಸೇರಿತು, ಸೋಮವಾರದ ಕೆಲಸ ಉಳಿಯಿತು. ಅವಳು ಕೊಟ್ಟ ಪ್ರತಿ ನಕಲಿನ ಮೇಲೂ ರೈಟರ್ ಅಡ್ಡಲಾಗಿ 'ಈ ಕೇಸಿಗೆ ಮಾತ್ರ' ಎಂದು ಬರೆದು ತಾರೀಖು ಹಾಕಿಸಿದ. "ಇನ್ಮೇಲೆ ಯಾರಿಗೆ ಕೊಟ್ರೂ ಹೀಗೇ ಬರೆದು ಕೊಡಮ್ಮ" ಎಂದ.

ಒಳಗಿನ ಕೋಣೆಯಲ್ಲಿ ಆರೋಪಿ ಹೇಳಿದ್ದು ಇಷ್ಟು: "ಒಂದೇ ಪೇಪರ್, ಮೂರು ಸಲ ಹೋಯ್ತು. ಮನೇಲಿ ಪಾಸಾದೆ ಅಂತ ಹೇಳ್ಬಿಟ್ಟಿದ್ದೆ."

"ಸಂಬಂಧಿ ಅಂತ ಆ ಹೆಸರೇ ಯಾಕೆ ಬರೆದೆ? ಯಾವುದೋ ಒಂದು ಹೆಸರು ಗೀಚಿದ್ರೂ ನಡೀತಿತ್ತು."

"ನಡೀತಿತ್ತು." ಅವಳು ಸೆರಗಿನ ತುದಿ ಸುತ್ತಿದಳು. "ಅವಳಿಗೆ ಆ ಹೆಸರಿಂದ ಪಾರ್ಸೆಲ್ ಬಂದಾಗೆಲ್ಲ ನಂಗೂ ಒಂದು ಜೊತೆ ಕಾಲುಚೀಲ ಇರ್ತಿತ್ತು, ಸಾರ್. ನಂಗೇನಾದ್ರೂ ಆದ್ರೆ ಓಡಿ ಬರೋರು ಅವರೇ ಅನ್ನಿಸ್ತು."

ದಸ್ತಗಿರಿ ಪತ್ರ ಮುಂದಿಟ್ಟರು. ಅಭ್ಯಾಸಬಲದಿಂದ ಕದ್ದ ಹೆಸರಿನಲ್ಲೇ ಸಹಿ ಶುರುಮಾಡಿ, ಹೊಡೆದುಹಾಕಿ, ತನ್ನದು ಬರೆದಳು. 'ಯಾರಿಗೆ ತಿಳಿಸಬೇಕು, ಸಂಬಂಧ' ಎಂಬಲ್ಲಿ ಪೆನ್ನು ನಿಂತೇಬಿಟ್ಟಿತು. ಖಾಲಿ ಕಾಲಂ ಕಂಡರೆ ಕೆಂಡವಾಗುವ ಅನುಮಾನಪ್ಪ ಈ ಸಲ ಗದರಲಿಲ್ಲ. ನೀರಿನ ಲೋಟವನ್ನು ಅವಳತ್ತ ಸರಿಸಿ, "ನಿಧಾನವಾಗಿ ಬರಿಯಮ್ಮ" ಎಂದ.