ಅಕ್ಷತೆ ಹಾಕಲು ಹೋದವಳು

"ಹಾಳಾಗಿ ಹೋಗು!"

ಹಂಸ ಹಲ್ಲು ಕಚ್ಚಿಕೊಂಡು ಹೇಳಿದ್ದು ಫೋನಿಗೆ. ಆದರೆ ಬೆಂಚಿನ ಆ ತುದಿಯಲ್ಲಿ ಕೂತಿದ್ದವನು ತಟ್ಟನೆ ಎದ್ದು ನಿಂತ.

"ನಾನೇನ್ ಮಾಡ್ದೆ ಮೇಡಂ? ಜಾಗ ಬೇಕಾದ್ರೆ ಕೇಳ್ಬಾರ್ದಾ?"

ಹಂಸಳ ಮುಖ ಕೆಂಪಾಯಿತು. "ಅಯ್ಯೋ, ನಿಮಗಲ್ಲ. ನನ್ನ ಗಂಡನಿಗೆ. ಅಂದ್ರೆ... ಗಂಡ ಆಗಿದ್ದವನಿಗೆ."

"ಅಂಗಾ? ಅವನಿಗಾದ್ರೆ ಇನ್ನೊಂದ್ಸಲ ಬಯ್ರಿ" ಎಂದು ಅವನು ನಿರಾಳವಾಗಿ ಮತ್ತೆ ಕೂತ.

ಆ ಬೆಂಚು ಇದ್ದದ್ದು ಹಾಸನದ ಕೌನ್ಸೆಲರ್ ವಸಂತ ಮೇಡಂ ಕೋಣೆಯ ಹೊರಗೆ. ಅಪ್ಪ ಅಮ್ಮ ಬೇರೆಯಾದ ಮಕ್ಕಳನ್ನೂ, ಹೆತ್ತವರನ್ನು ಕಳೆದುಕೊಂಡ ಮಕ್ಕಳನ್ನೂ ಅವರು ಕೂರಿಸಿಕೊಂಡು ಮಾತಾಡಿಸುತ್ತಿದ್ದರು. ಪ್ರತಿ ಶನಿವಾರ ಹಂಸ ಹೊಳೆನರಸೀಪುರದಿಂದ ಏಳು ವರ್ಷದ ಮಗಳು ಗೌರಿಯನ್ನು ಕರೆತರುತ್ತಿದ್ದಳು. ಗಂಡನಾಗಿದ್ದ ಜಯಂತ್ ಮಗಳನ್ನು ಅಲ್ಲಿಯೇ ಭೇಟಿಯಾಗಬೇಕೆಂದು ಕೋರ್ಟು ಹೇಳಿತ್ತು. ಅವನು ಬಂದದ್ದಕ್ಕಿಂತ "ಇವತ್ತು ಆಗಲ್ಲ" ಎಂದು ಫೋನ್ ಮಾಡಿದ್ದೇ ಹೆಚ್ಚು.

ಬೆಂಚಿನ ಮೇಲಿನವನು ದೇವರಾಜ್, ನುಗ್ಗೇಹಳ್ಳಿಯ ತೆಂಗಿನ ತೋಟದವನು. ಹೆಂಡತಿ ಡೆಂಗ್ಯೂ ಜ್ವರದಲ್ಲಿ ತೀರಿಕೊಂಡ ಮೇಲೆ ಮಗಳು ಅನುಶ್ರೀ ಮಾತೇ ಬಿಟ್ಟಿದ್ದಳು. ಹೆಣದ ಮುಂದೆ ಅತ್ತೆ ಪುಟ್ಟತಾಯಮ್ಮ, "ನನ್ ಮಗ್ಳನ್ನ ನೀನೇ ತಿಂದ್ಬುಟ್ಟೆ" ಎಂದು ಊರಿಗೆಲ್ಲ ಕೇಳುವಂತೆ ಕೂಗಿದ್ದಳು. ಅವತ್ತಿನಿಂದ ಅವನು ಮೊಮ್ಮಗಳ ಮುಖವನ್ನು ಅವಳಿಗೆ ತೋರಿಸಿರಲಿಲ್ಲ.

ಮಕ್ಕಳ ಎದುರು ಯಾರನ್ನೂ ಬಯ್ಯಬೇಡಿ ಎಂದಿದ್ದರು ವಸಂತ ಮೇಡಂ. ಹಾಗಾಗಿ ಇಬ್ಬರೂ ಹೊರಗೆ ಕೂತು ಬಯ್ಯುತ್ತಿದ್ದರು. ಅವಳು ಜಯಂತನನ್ನು, ಅವನು ಅತ್ತೆಯನ್ನು.

"ನೀವು ಬಯ್ಯುವಾಗ ಜುಮುಕಿ ಕುಣೀತದೆ ಕಣ್ರೀ" ಎಂದ ದೇವರಾಜ್ ಒಂದು ದಿನ.

"ನೀವು ಬೈಗುಳ ಕೇಳ್ತಿದ್ದೀರೋ, ಜುಮುಕಿ ನೋಡ್ತಿದ್ದೀರೋ?"

"ಎರಡೂವೆ."

ಅವನು ನೋಟ ಕೀಳಲಿಲ್ಲ. ಹಂಸಳೇ ಗೋಡೆ ಕಡೆ ತಿರುಗಿದಳು. ನಗು ಮಾತ್ರ ತಡೆಯಲಾಗಲಿಲ್ಲ.

ಅಷ್ಟರಲ್ಲಿ ಸುದ್ದಿ ಬಂತು: ಅರಕಲಗೂಡಿನ ಛತ್ರದಲ್ಲಿ ಜಯಂತನ ಎರಡನೇ ಮದುವೆ. ಹಂಸಳ ಎದೆಯಲ್ಲಿ ಬೆಂಕಿ ಬಿತ್ತು.

"ಕರ್ಕೊಂಡು ಹೋಗ್ತೀರಾ? ಅವನ ಮಾನ ಕಳೀಬೇಕು."

"ಕಾರು ನಂದು, ಸಿಟ್ಟು ನಿಮ್ದು. ನಡೀರಿ" ಎಂದ ಅವನು.

ಮದುವೆಯ ಬೆಳಿಗ್ಗೆ ಊರು ದಾಟಿ ಕಾರು ಹೊರಟಿತ್ತು. ಹಿಂದಿನ ಸೀಟಿನಲ್ಲಿ ರೇಷ್ಮೆ ಲಂಗ ತೊಟ್ಟ ಗೌರಿ ಏನೋ ಗುನುಗುತ್ತಿದ್ದವಳು ಕೇಳಿದಳು:

"ಅಮ್ಮಾ, ಅಳೋದು ಮೊದ್ಲಾ? 'ಅಪ್ಪಾ, ನನ್ನ ಬಿಟ್ಬಿಟ್ಯಾ' ಅನ್ನೋದು ಮೊದ್ಲಾ?"

ದೇವರಾಜ್ ಬ್ರೇಕ್ ಒತ್ತಿದ. ಕಾರು ಹೊಂಗೆ ಮರದ ಕೆಳಗೆ ನಿಂತಿತು.

"ಕೆಳಗಿಳೀರಿ ಒಂದ್ನಿಮಿಷ." ಮರದಡಿ ಅವನು ಅವಳತ್ತ ತಿರುಗಿದ. "ನೀವು ಬಯ್ತೀರ ಅಂತ ಬಂದೆ ಕಣ್ರೀ. ಮಗಾನ ಕತ್ತಿ ಮಾಡ್ಕಂಡು ಓಯ್ತೀರ ಅಂತ ಗೊತ್ತಿದ್ರೆ ಕಾರೇ ತೆಗೀತಿರ್ಲಿಲ್ಲ."

"ನೀವೇನು ಕಮ್ಮಿ? ಅಜ್ಜಿ ಬೇಕು ಅಂತ ಅನುಶ್ರೀ ಮೇಡಂ ರೂಮಲ್ಲಿ ಚಿತ್ರ ಬರೀತಾಳಂತೆ. ಗೌರಿ ಹೇಳಿದಳು. ಒಂದು ದಿನ ಕಳಿಸಿದ್ದೀರಾ?"

ದೇವರಾಜ್ ಹೊಂಗೆ ಎಲೆಯೊಂದನ್ನು ಕಿತ್ತು ಚೂರು ಮಾಡತೊಡಗಿದ.

ಗೌರಿ ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಅಮ್ಮಾ, ಅಪ್ಪನ್ನ ನೋಡಿದ್ರೆ ನಂಗೆ ನಿಜವಾಗ್ಲೂ ಅಳು ಬರತ್ತೆ. ಎಲ್ಲರ ಮುಂದೆ ಬೇಡಮ್ಮ."

ಹಂಸ ಮಗಳನ್ನು ಎದೆಗೆ ಒತ್ತಿಕೊಂಡಳು. ಕಣ್ಣು ಒರೆಸಿಕೊಂಡಾಗ ಸಿಟ್ಟು ಅಲ್ಲಿಯೇ ಇತ್ತು, ಒಂದಿಷ್ಟೂ ಕರಗಿರಲಿಲ್ಲ. "ನಡೀರಿ ಅರಕಲಗೂಡಿಗೆ. ಒಳಗೆ ನಾನೊಬ್ಬಳೇ ಹೋಗ್ತೀನಿ."

ಛತ್ರದಲ್ಲಿ ಅವಳು ನೆಟ್ಟಗೆ ವೇದಿಕೆ ಹತ್ತಿದಳು. ಜಯಂತನ ಮುಖ ಬಿಳಿಚಿಕೊಂಡಿತು. ಮುಷ್ಟಿ ತುಂಬ ಅಕ್ಷತೆ ತೆಗೆದುಕೊಂಡು, ಕಲ್ಲೆಸೆದಂತೆ ಅವನ ತಲೆಗೆ ಹೊಡೆದಳು. ನಂತರ ಹೊಸ ಮಾವನಿಗೂ ಕೇಳುವಷ್ಟು ಸ್ಪಷ್ಟವಾಗಿ ಹೇಳಿದಳು:

"ಶನಿವಾರ ಗೌರಿ ಬಾಗಿಲು ನೋಡ್ತಾ ಕೂತಿರ್ತಾಳೆ. ಬರಬೇಕು. ಬರಲಿಲ್ಲ ಅಂದ್ರೆ ನಾನು ಈ ಹುಡುಗಿ ಮನೆಯವರನ್ನೇ ಬಂದು ಕೇಳ್ತೀನಿ, ಎಂಥವನಿಗೆ ಮಗಳನ್ನ ಕೊಟ್ರಿ ಅಂತ."

ಮಾವ ಅಳಿಯನ ಕಡೆ ತಿರುಗಿ, "ಏನಿದು?" ಎಂದ. ಜಯಂತ್ ತಲೆ ಎತ್ತಲಿಲ್ಲ. ಮದುಮಗಳು ಅವನನ್ನೇ ನೋಡುತ್ತಿದ್ದಳು. ಹಂಸಳಿಗೆ ಅಷ್ಟು ಸಾಕಿತ್ತು.

ಹೊರಗೆ ದೇವರಾಜ್ ಗೌರಿಗೆ ಎಳನೀರು ಕುಡಿಸುತ್ತಿದ್ದ. ಹಂಸಳ ಮುಖ ನೋಡಿ ಏನೂ ಕೇಳದೆ ಅವಳಿಗೂ ಒಂದು ಕೊಟ್ಟ. ಕೊಡುವಾಗ ಬೆರಳು ತಾಗಿತು. ಇಬ್ಬರೂ ಕೈ ಸರಿಸಲಿಲ್ಲ.

"ಅನುಶ್ರೀನ ಅವರಜ್ಜಿ ತಾವ ಕರ್ಕೊಂಡೋಗ್ಬೇಕು" ಎಂದ ನೆಲ ನೋಡುತ್ತ. "ನೀವೂ ಬರ್ತೀರಾ? ನಾನೊಬ್ನೇ ಓದ್ರೆ ಆ ಮುದುಕಿ ತಾವ ಜಗಳ ಆಡ್ಬುಡ್ತೀನಿ."

"ನಾನಿದ್ರೆ ಆಡಲ್ವಾ?"

"ನೀವಿದ್ರೆ ನಿಮ್ಮನ್ನೇ ನೋಡ್ತಾ ಕೂತ್ಕೊಂಬುಡ್ತೀನಿ. ಇವತ್ತು ಅಂತಲ್ಲ ಹಂಸ, ಯಾವತ್ತೂವೆ."

ಮೊದಲ ಬಾರಿಗೆ ಅವನು ಅವಳನ್ನು ಹೆಸರು ಹಿಡಿದು ಕರೆದಿದ್ದ. ಹಂಸ ಕೈಯಲ್ಲಿದ್ದ ಎಳನೀರು ಕುಡಿಯುವುದನ್ನೇ ಮರೆತಳು.

"ಭಾನುವಾರ ಹೋಗೋಣ" ಎಂದಳು. "ಬೆಳಿಗ್ಗೆ ಬೇಗ ಬನ್ನಿ. ನಾನು ಕಾಯ್ತಿರ್ತೀನಿ."